ಟೊಮೇಟೊ ಬಾಕ್ಸು, ಮೆದುಳಿನ ಸ್ಕ್ಯಾನು

ಎಲ್ರಿಗೂ ನಮಸ್ಕಾರ. ಬೆಳಗ್ಗೆ ಕೋಲಾರದ ಎಪಿಎಂಸಿ ಕಡೆ ಹೋದವರಿಗೆ ಗೊತ್ತಿರುತ್ತೆ, ಟೊಮೇಟೊ ಕೊಳ್ಳೋಕೆ ಬಂದ ವ್ಯಾಪಾರಿ ಮೇಲಿರೋ ಹಣ್ಣು ನೋಡಿ ರೇಟ್ ಹೇಳಲ್ಲ, ಕೈ ಒಳಗಿಳಿಸ್ತಾನೆ, ಡೌಟ್ ಬಂದ್ರೆ 15 ಕೆಜಿ ಬಾಕ್ಸನ್ನೇ ಮಗುಚಿ ನೋಡ್ತಾನೆ. ರೈತ ಮೋಸಗಾರ ಅಂತಲ್ಲ, ಚೆನ್ನಾಗಿರೋದನ್ನ ಮೇಲಿಡೋದು ಎಲ್ಲರ ಕೈಗೂ ಬಂದಿರೋ ಅಭ್ಯಾಸ. ಮೆದುಳಿನ ಸಂಶೋಧನೆಲೂ ಇದೇ ಅಭ್ಯಾಸ ಇದೆ, ಆದ್ರೆ ಬಾಕ್ಸ್ ಮಗುಚೋರು ಅಲ್ಲಿ ಬಹಳ ವರ್ಷ ಕಮ್ಮಿ ಇದ್ರು.

ಮೊಬೈಲಲ್ಲಿ ಬರ್ತಾ ಇರುತ್ತಲ್ಲ, ಕೋಪಕ್ಕೆ ಮೆದುಳಲ್ಲಿ ಈ ಜಾಗ, ಪ್ರೀತಿಗೆ ಆ ಜಾಗ ಅಂತ ಕೆಂಪು ಹಳದಿ ಚುಕ್ಕೆ ಇಟ್ಟ ಎಂಆರ್‌ಐ ಚಿತ್ರ. ಅಲ್ಲಿ ಮೆದುಳು ನಿಜವಾಗಿ ಬೆಳಗಿರಲ್ಲ, ಅದು ಲೆಕ್ಕ ಹಾಕಿ ಆಮೇಲೆ ಬಳಿದ ಬಣ್ಣ. ಸ್ಕ್ಯಾನ್ ಚಿತ್ರದಲ್ಲಿ ಮೆದುಳನ್ನ ಹತ್ತಾರು ಸಾವಿರ ಪುಟ್ಟ ತುಂಡು ಮಾಡಿ ಒಂದೊಂದಕ್ಕೂ ಬೇರೆ ಲೆಕ್ಕ ಹಾಕ್ತಾರೆ, ನೂರಕ್ಕೆ 5 ಸಲ ತಪ್ಪಾದ್ರೂ ಪರವಾಗಿಲ್ಲ ಅಂತ ಬಿಟ್ರೆ ಸಾವಿರ ತುಂಡಲ್ಲಿ 50 ಕಡೆ ಏನೂ ಇಲ್ದೇನೇ ಬಣ್ಣ ಬರಬಹುದು. ಇದನ್ನ ತೋರಿಸೋಕೆ ಅಮೆರಿಕದಲ್ಲಿ ಕೆಲವರು ಒಂದು ಸತ್ತ ಸಾಲ್ಮನ್ ಮೀನನ್ನ ಸ್ಕ್ಯಾನರ್ ಒಳಗಿಟ್ಟು, ಮನುಷ್ಯರ ಫೋಟೋ ತೋರಿಸಿ, ಇವರಿಗೆ ಏನನ್ನಿಸ್ತಾ ಇದೆ ಹೇಳು ಅಂತ ಕೇಳಿದ್ರು. ನಿಜವಾಗ್ಲೂ ಕೇಳಿದ್ರು! ಇಷ್ಟೊಂದು ತುಂಡು ನೋಡೋದ್ರಿಂದ ಬರೋ ತಪ್ಪಿಗೆ ತಿದ್ದುಪಡಿ ಇಲ್ಲದ ಲೆಕ್ಕದಲ್ಲಿ ಸತ್ತ ಮೀನಿನ ಮೆದುಳಲ್ಲೂ ಚುಕ್ಕೆ ಬಂತು, ತಿದ್ದುಪಡಿ ಹಾಕಿದ್ಮೇಲೆ ಮಾಯ ಆಯ್ತು. 2012ರಲ್ಲಿ ಅವ್ರಿಗೆ ಇಗ್ ನೊಬೆಲ್ ಕೊಟ್ರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಕೆಲಸಕ್ಕೆ ಕೊಡೋ ಬಹುಮಾನ ಅದು.

ನಗೋಕೆ ಮುಂಚೆ ನನ್ನದೂ ಹೇಳ್ಬಿಡ್ತೀನಿ. ಎಂಎಸ್ಸಿ ಓದುವಾಗ ಕಾಫಿ ಕುಡಿದ್ರೆ ನೆನಪು ಚುರುಕಾಗುತ್ತಾ ಅಂತ ಹಾಸ್ಟೆಲ್‌ನ 14 ಹುಡುಗರ ಮೇಲೆ ಪ್ರಾಜೆಕ್ಟ್ ಮಾಡ್ದೆ, ಏನೂ ಬರ್ಲಿಲ್ಲ, ಒಬ್ಬ ರಾತ್ರಿ ನಿದ್ದೆಗೆಟ್ಟಿದ್ದ ಅಂತ ತೆಗೆದೆ, ಇನ್ನೊಬ್ಬನಿಗೆ ಜ್ವರ ಇತ್ತು ಅಂತ ತೆಗೆದೆ, ಅರ್ಧ ಗಂಟೆ ಬಿಟ್ಟು ಕೇಳಿದ ಉತ್ತರ ಪಕ್ಕಕ್ಕಿಟ್ಟು ಹತ್ತು ನಿಮಿಷದ್ದು ಮಾತ್ರ ತಗೊಂಡೆ, ರಿಸಲ್ಟ್ ಬಂತು. ಗೈಡ್ ಭೇಷ್ ಅಂದ್ರು. ಸುಳ್ಳು ಹೇಳ್ತಾ ಇದೀನಿ ಅಂತ ಒಂದು ಕ್ಷಣಕ್ಕೂ ಅನ್ಸಿರ್ಲಿಲ್ಲ, ಅದೇ ನೋಡಿ ಭಯ. ಜ್ವರ ಇದ್ದ ಹುಡುಗ ಚೆನ್ನಾಗಿ ಉತ್ತರ ಹೇಳಿದ್ದಿದ್ರೆ ಅವನ ಜ್ವರ ನನಗೆ ನೆನಪಾಗ್ತಾನೇ ಇರ್ಲಿಲ್ಲ.

ದೊಡ್ಡೋರ ಕಥೆನೂ ಬಹಳ ಬೇರೆ ಇಲ್ಲ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ 108 ಜನರ ಸ್ಕ್ಯಾನ್ ಡೇಟಾ 70 ತಂಡಗಳಿಗೆ ಕೊಟ್ಟು 9 ಪ್ರಶ್ನೆ ಕೇಳಿದ್ರು, ಎಲ್ಲರಿಗೂ ಅದೇ ಡೇಟಾ, ಆದ್ರೆ ಒಬ್ಬರು ಲೆಕ್ಕ ಮಾಡಿದ ದಾರಿ ಇನ್ನೊಬ್ಬರು ಹಿಡಿದಿರ್ಲಿಲ್ಲ, ಎಷ್ಟೋ ಪ್ರಶ್ನೆಗೆ ಉತ್ತರನೂ ಹೊಂದ್ಲಿಲ್ಲ. ಅದಕ್ಕಿಂತ ಮುಂಚೆ, 2013ರಲ್ಲೇ, ನ್ಯೂರೋಸೈನ್ಸ್ ಅಧ್ಯಯನಗಳ ತಾಕತ್ತು ಎಷ್ಟು ಅಂತ ಅಳೆದಿದ್ರು, ಸುಮಾರು 21 ಪರ್ಸೆಂಟ್ ಬಂತು. ಅಂದ್ರೆ ನಿಜವಾಗ್ಲೂ ಇರೋ ವಿಷಯಾನೇ 100 ಸಲ ಹುಡುಕಿದ್ರೆ 21 ಸಲ ಸಿಗುತ್ತೆ, ಮತ್ತೆ ಸಿಕ್ಕಾಗ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಕಾರಣ ಸಿಂಪಲ್, ಒಂದೊಂದು ಅಧ್ಯಯನಕ್ಕೂ ತಗೊಳ್ಳೋ ಜನ ಕಮ್ಮಿ. ಸ್ಕ್ಯಾನರ್ ಬಾಡಿಗೆ ದುಬಾರಿ, ಪೇಪರ್ ಬೇಗ ಬರಬೇಕು, ಏನೂ ಸಿಗಲಿಲ್ಲ ಅನ್ನೋ ಪೇಪರನ್ನ ಜರ್ನಲ್‌ನವರು ಅಷ್ಟಾಗಿ ಮುಟ್ಟಲ್ಲ.

ಮದ್ದೂ ಬಂದಿದೆ. ಎಷ್ಟು ಜನರನ್ನ ನೋಡ್ತೀವಿ, ಯಾರನ್ನ ಯಾವ ಕಾರಣಕ್ಕೆ ಬಿಡ್ತೀವಿ, ಲೆಕ್ಕ ಹೇಗೆ ಅಂತ ಪ್ರಯೋಗಕ್ಕೆ ಮುಂಚೆನೇ ಬರೆದು ತಾರೀಖು ಹಾಕಿ ಇಡೋದು ಒಂದು. 2013ರಿಂದ ಕಾರ್ಟೆಕ್ಸ್ ಅನ್ನೋ ಜರ್ನಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ಲ್ಯಾನ್ ನೋಡೇ ಪೇಪರ್ ಒಪ್ಕೊಳ್ಳೋಕೆ ಶುರು ಮಾಡ್ತು, ರಿಸಲ್ಟ್ ಏನೇ ಬರಲಿ ಹಾಕ್ತೀವಿ ಅಂತ. ನನ್ನ ಪ್ರಕಾರ ಎಲ್ಲಕ್ಕಿಂತ ಕೆಲಸ ಮಾಡೋದು ಇದೇ, ಡೇಟಾ ಓಪನ್ ಇಡಿ ಅಂತ ಬುದ್ಧಿ ಹೇಳೋದಕ್ಕಿಂತ.

ಇನ್ನೊಂದು ಮದ್ದು, ಒಬ್ಬರು ಕಂಡಿದ್ದನ್ನ ಬೇರೆಯವರೂ ಹುಡುಕಿ ನೋಡೋದು, ನಮ್ಮ ಕೆಜಿಎಫ್‌ನವರಿಗೆ ಬೇಗ ಅರ್ಥ ಆಗುತ್ತೆ. 1965ರಲ್ಲಿ ಗಣಿಯ ಆಳದಲ್ಲಿ ನ್ಯೂಟ್ರಿನೋ ಅನ್ನೋ ಪುಟ್ಟ ಕಣ ಕಂಡ್ರು, ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಲಿ ಬೇರೆ ತಂಡಕ್ಕೂ ಕಾಣ್ತು, ಗಟ್ಟಿ ನಿಂತ್ಕೊಂಡ್ತು. ಎಂಬತ್ತರ ದಶಕದ ಶುರುನಲ್ಲಿ ಅದೇ ಕೆಜಿಎಫ್‌ನಲ್ಲಿ ಪರಮಾಣುವಿನ ಒಳಗಿರೋ ಪ್ರೋಟಾನ್ ಕಣ ಒಡೆದಂಗೆ ಕಾಣುತ್ತೆ ಅಂದ್ರು, ಅಮೆರಿಕದಲ್ಲಿ, ಜಪಾನಿನ ಕಮಿಯೋಕದಲ್ಲಿ ಇನ್ನೂ ದೊಡ್ಡ ಯಂತ್ರ ಇಟ್ಟು ನೋಡಿದ್ರೆ ಕಾಣಲೇ ಇಲ್ಲ, ಇವತ್ತಿಗೂ ಕಂಡಿಲ್ಲ. ಎರಡಕ್ಕೂ ದುಡಿದೋರು ಪ್ರಾಮಾಣಿಕರೇ.

ಈಗ ಮೆದುಳಿನೋರೂ ಹಂಗೇ ಮಾಡ್ತಾವ್ರೆ. 3 ದೇಶದ 7 ಲ್ಯಾಬಲ್ಲಿ ಒಂದೇ ಥರ ಪೆಟ್ಟಿಗೆ, ಒಂದೇ ಥರ ಟ್ರೈನಿಂಗು, 140 ಇಲಿ, ಚಿತ್ರ ಎಡಕ್ಕೆ ಬಂತಾ ಬಲಕ್ಕೆ ಬಂತಾ ನೋಡಿ ಪುಟ್ಟ ಚಕ್ರ ತಿರುಗಿಸ್ಬೇಕು. ಕಲಿಯೋ ಸ್ಪೀಡು ಒಂದೊಂದು ಇಲಿದು ಒಂದೊಂದು ಥರ, ಆದ್ರೆ ಕಲಿತ್ಮೇಲೆ ಇದು ಯಾವ ಲ್ಯಾಬಿಂದು ಅಂತ ಇಲಿ ನೋಡಿ ಹೇಳೋಕೆ ಕಷ್ಟ ಆಯ್ತಂತೆ. ಸಮಯ ಆಯ್ತು, ನಮಸ್ಕಾರ.