ಎರಡು ದಿನ, ಒಂದೇ ಕಣಿವೆ

ಕೇಳುಗ ಬಂಧುಗಳೆ, ನಮಸ್ಕಾರ.

ಬೆಳಗಾವಿಯ ಖಡೇಬಜಾರಿನಲ್ಲಿ, ಸಿಟಿ ಬಸ್ಸಿನಲ್ಲಿ ಪರದೇಶದ ವಿದ್ಯಾರ್ಥಿಗಳು ಕಾಣುವುದು ಈಗ ಹೊಸದಲ್ಲ. ಕೆಎಲ್‌ಇ ಆವರಣದಲ್ಲಿ ಮಲೇಷ್ಯಾದ ಮಕ್ಕಳು ವೈದ್ಯಕೀಯ ಓದುತ್ತಿದ್ದಾರೆ. ನೇಪಾಳದವರು, ಆಫ್ರಿಕಾದ ದೇಶಗಳವರು ಬಂದಿದ್ದಾರೆ. ಶನಿವಾರ ಬಂತೆಂದರೆ ಇವರು ಗೋವಾದ ಕಡೆಗೆ ಮುಖ ಮಾಡುತ್ತಾರೆ. ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ನಾಡಿಗೆ ಬಂದು ವರ್ಷಗಟ್ಟಲೆ ಇದ್ದು ಬಾದಾಮಿ ನೋಡದೆ ಊರಿಗೆ ಮರಳಿದರೆ ಅದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ. ಅವರ ಸಹಪಾಠಿಗಳು, ಮನೆ ಬಾಡಿಗೆಗೆ ಕೊಟ್ಟವರು, ಹಾಸ್ಟೆಲ್ ನೋಡಿಕೊಳ್ಳುವವರು, ನೀವೇ ಅವರಿಗೆ ದಾರಿ ತೋರಿಸಬೇಕಾದವರು. ಹೇಗೆ ತೋರಿಸಬೇಕು ಎಂಬುದೇ ಇವತ್ತಿನ ಮಾತು.

ಮೊದಲ ಮಾತು: ಎರಡು ದಿನದಲ್ಲಿ ಎಲ್ಲವನ್ನೂ ತುರುಕಬೇಡಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ಗೋಳಗುಮ್ಮಟ ಎಂದು ಪಟ್ಟಿ ಬರೆದು ಕಾರು ಹತ್ತಿಸಿದರೆ ಆ ಹುಡುಗನಿಗೆ ನೆನಪಿನಲ್ಲಿ ಉಳಿಯುವುದು ಕಾರಿನ ಕಿಟಕಿ ಮಾತ್ರ. ಒಂದು ವಾರಾಂತ್ಯಕ್ಕೆ ಮಲಪ್ರಭೆಯ ಕಣಿವೆಯೊಂದೇ ಸಾಕು. ವಿಜಯಪುರಕ್ಕೆ ಇನ್ನೊಂದು ವಾರ ಇಡಿ.

ಹೊರಡುವ ಮುಂಚೆ ಕಾಗದಪತ್ರ. ವೀಸಾ ಮೇಲೆ ಬಂದ ವಿದೇಶಿ ವಿದ್ಯಾರ್ಥಿಯ ಕೈಯಲ್ಲಿ ಮೂಲ ಪಾಸ್‌ಪೋರ್ಟ್ ಮತ್ತು ವೀಸಾ ಇರಲೇಬೇಕು. ಮೊಬೈಲಿನಲ್ಲಿರುವ ಫೋಟೊ, ಕಾಲೇಜಿನ ಗುರುತಿನ ಚೀಟಿ ಸಾಲುವುದಿಲ್ಲ. ಕಾರಣ ಇಷ್ಟು: ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಲಾಡ್ಜಿನವರು ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಅದಕ್ಕೆ ಫಾರ್ಮ್ ಸಿ ಎಂದೇ ರೂಢಿ. ಸಣ್ಣ ಲಾಡ್ಜುಗಳು ಈ ನೋಂದಣಿಯನ್ನೇ ಮಾಡಿಸಿರುವುದಿಲ್ಲ. ಹಾಗಾಗಿ ರಾತ್ರಿ ಎಂಟಕ್ಕೆ ಚೀಲ ಹೊತ್ತುಕೊಂಡು ಹೋದರೆ "ರೂಮ್ ಇಲ್ರಿ" ಎಂಬ ಉತ್ತರ ಬರುತ್ತದೆ. ರೂಮು ಇರುತ್ತದೆ, ನೋಂದಣಿ ಇರುವುದಿಲ್ಲ. ಅದಕ್ಕೇ ಎರಡು ದಿನ ಮೊದಲೇ ಫೋನು ಹಚ್ಚಿ, "ವಿದೇಶಿ ಪಾಸ್‌ಪೋರ್ಟಿನವರಿಗೆ ರೂಮು ಕೊಡ್ತೀರೇನ್ರಿ?" ಎಂದು ನೇರವಾಗಿ ಕೇಳಿ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಪ್ರೀತಿಯಿಂದ ನಿಮ್ಮ ಊರಿನ ಮನೆಯಲ್ಲೇ ಉಳಿಸಿಕೊಂಡರೂ ಆ ವಿವರ ಕೊಡುವ ಹೊಣೆ ಮನೆಯವರ ಮೇಲೆ ಬರುತ್ತದೆ.

ಇನ್ನು ಟಿಕೆಟ್ಟಿನ ಲೆಕ್ಕ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ದರ ಎರಡು ಬಗೆ. ಬಾದಾಮಿಯ ಗುಹೆಗಳಿಗೂ ಐಹೊಳೆಯ ದುರ್ಗ ಗುಡಿಯ ಆವರಣಕ್ಕೂ ನಮ್ಮವರಿಗೆ ತಲಾ 25 ರೂಪಾಯಿ, ವಿದೇಶಿಯರಿಗೆ 300. ಪಟ್ಟದಕಲ್ಲು ವಿಶ್ವ ಪರಂಪರೆಯ ತಾಣವಾದ್ದರಿಂದ ನಮ್ಮವರಿಗೆ 40, ವಿದೇಶಿಯರಿಗೆ 600. ಒಟ್ಟು ಕೂಡಿಸಿದರೆ ನಿಮಗೆ 90 ರೂಪಾಯಿ, ನಿಮ್ಮ ಗೆಳೆಯನಿಗೆ 1,200. ಆನ್‌ಲೈನಿನಲ್ಲಿ ಮೊದಲೇ ತೆಗೆದರೆ ಅವರಿಗೆ 1,050ಕ್ಕೆ ಮುಗಿಯುತ್ತದೆ. ಬಾಗಿಲಲ್ಲಿ ನಿಂತು ಮೊಬೈಲ್ ಒತ್ತುವಾಗ ನೆಟ್‌ವರ್ಕ್ ಕೈಕೊಡಬಹುದು. ಹಿಂದಿನ ರಾತ್ರಿಯೇ ತೆಗೆದು ಟಿಕೆಟ್ಟನ್ನು ಮೊಬೈಲಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ನೇಪಾಳ, ಶ್ರೀಲಂಕಾ, ಭೂತಾನ್, ಬಾಂಗ್ಲಾದೇಶ, ಮಾಲ್ಡೀವ್ಸ್, ಮ್ಯಾನ್ಮಾರ್, ಥಾಯ್ಲೆಂಡಿನವರಿಗಾದರೆ ನಮ್ಮ ದರವೇ. ಆದರೆ ಪಾಸ್‌ಪೋರ್ಟ್ ತೋರಿಸಬೇಕು. ಈ ಲೆಕ್ಕವನ್ನು ಹೊರಡುವ ಮುಂಚೆಯೇ ಹೇಳಿಬಿಡಿ. ಕೌಂಟರಿನ ಮುಂದೆ ಗೊತ್ತಾದರೆ ಆ ಮಕ್ಕಳಿಗೆ ಮೋಸ ಹೋದಂತೆ ಅನಿಸುತ್ತದೆ, ಪಟ್ಟದಕಲ್ಲಿನ ಹೊರಗೇ ನಿಂತುಬಿಡುತ್ತಾರೆ.

ಬಸ್ಸಿನ ಮಾತು. ಬೆಳಗಾವಿಯಿಂದ ಬಾದಾಮಿ ನೂರೈವತ್ತು ಕಿಲೋಮೀಟರ್ ಆಸುಪಾಸು. ರೈಲು ಹುಬ್ಬಳ್ಳಿ, ಗದಗ ಸುತ್ತಿಕೊಂಡು ಹೋಗಬೇಕು, ಮೇಲಾಗಿ ಬಾದಾಮಿ ಸ್ಟೇಷನ್ನು ಊರಿನಿಂದ ಐದು ಕಿಲೋಮೀಟರ್ ದೂರ. ಬಸ್ಸೇ ಸರಿ. ಹೆಣ್ಣುಮಕ್ಕಳು ಜೊತೆಯಲ್ಲಿ ಹೊರಟಿದ್ದರೆ ಇದನ್ನೂ ತಿಳಿಸಿ: ಶಕ್ತಿ ಯೋಜನೆಯ ಉಚಿತ ಟಿಕೆಟ್ ಕರ್ನಾಟಕದ ನಿವಾಸಿ ಮಹಿಳೆಯರಿಗೆ. ನಿಮ್ಮ ಮಗಳಿಗೆ ಸೊನ್ನೆ ಟಿಕೆಟ್, ಅವಳ ಗೆಳತಿಗೆ ಪೂರ್ತಿ ಟಿಕೆಟ್. ಅವರ ಕೈಯಲ್ಲಿ ಚಿಲ್ಲರೆ ಇರಲಿ.

ಬೋರ್ಡು ಓದಲು ಕಲಿಸುವುದನ್ನು ಮಾತ್ರ ಮರೆಯಬೇಡಿ. ನಮ್ಮ ಬಸ್ಸಿನ ಬೋರ್ಡು ಕನ್ನಡದಲ್ಲಿರುತ್ತದೆ. ಬಾದಾಮಿಗೂ ಬಾಗಲಕೋಟೆಗೂ ಮೊದಲ ಅಕ್ಷರ ಒಂದೇ, 'ಬಾ'. ಅಷ್ಟನ್ನೇ ಗುರುತು ಹಿಡಿದವರು ಅವಸರದಲ್ಲಿ ಬಾಗಲಕೋಟೆಯ ಬಸ್ಸು ಹತ್ತಿಬಿಡುತ್ತಾರೆ. ಒಂದು ಹಾಳೆಯ ಮೇಲೆ ದಪ್ಪಗೆ ಬರೆದು ತೋರಿಸಿ: ಬಾದಾಮಿ ಅಂದರೆ ಮೂರೇ ಅಕ್ಷರ, ಮೊದಲೆರಡಕ್ಕೂ ಬಲಗಡೆ ಒಂದೇ ಬಗೆಯ ಇಳಿ, ಮೂರನೆಯದಕ್ಕೆ ತಲೆಯ ಮೇಲೆ ಗುಡಿಸು. ಬಾಗಲಕೋಟೆ ಉದ್ದದ ಹೆಸರು. ಹತ್ತು ನಿಮಿಷದ ಪಾಠ. ಜೊತೆಗೆ ಎರಡು ಮಾತು ಬಾಯಿಪಾಠ ಮಾಡಿಸಿ: "ಬಾದಾಮಿಗೆ ಹೋಗ್ತೈತೇನ್ರಿ?", "ಖಾರ ಕಡಿಮಿ ಹಾಕ್ರಿ". ಆ 'ರಿ' ಒಂದಿದ್ದರೆ ಕಂಡಕ್ಟರು ಎದ್ದು ಬಂದು ಸೀಟು ತೋರಿಸುತ್ತಾನೆ.

ಶನಿವಾರ ಬೆಳಗ್ಗೆ ಆರಕ್ಕೆ ಬಿಟ್ಟರೆ ಹತ್ತರ ಸುಮಾರಿಗೆ ಬಾದಾಮಿ. ರೂಮಿನಲ್ಲಿ ಚೀಲ ಇಟ್ಟು, ಬಿಸಿಲು ಏರುವ ಹೊತ್ತನ್ನು ಅಗಸ್ತ್ಯ ತೀರ್ಥದ ದಂಡೆಯ ವಸ್ತುಸಂಗ್ರಹಾಲಯದಲ್ಲಿ ಕಳೆಯಲಿ. ಅದು ಶುಕ್ರವಾರ ಮುಚ್ಚಿರುತ್ತದೆ, ಶನಿವಾರದವರಿಗೆ ತೊಂದರೆಯಿಲ್ಲ. ಗುಹೆಗಳಿಗೆ ಮಧ್ಯಾಹ್ನ ಮೂರರ ಮೇಲೆ ಹೊರಡಿ. ಮಂಗಗಳ ಕಾಟ ವಿಪರೀತ. ಅವು ಮನುಷ್ಯರನ್ನಲ್ಲ, ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವನ್ನು ನೋಡಿ ಬರುತ್ತವೆ. ಚೀಲ ಅಂದರೆ ತಿನಿಸು ಎಂದು ನಾವೇ ಅವಕ್ಕೆ ಕಲಿಸಿದ್ದೇವೆ. ನೀರಿನ ಬಾಟಲಿ ಕೂಡ ಬೆನ್ನಚೀಲದ ಒಳಗೇ ಇರಲಿ, ಜಿಪ್ಪು ಹಾಕಿರಲಿ.

ಮೊದಲ ಗುಹೆಯ ಬಲಗಡೆ ಹದಿನೆಂಟು ಕೈಗಳ ನಟರಾಜ ಇದ್ದಾನೆ. ಇಲ್ಲಿ ಹತ್ತು ನಿಮಿಷ ನಿಲ್ಲಿಸಿ. ಎರಡೇ ಕೈ ಆರಿಸಿಕೊಂಡು ಉಳಿದವನ್ನು ಕಣ್ಣಿನಲ್ಲೇ ಮುಚ್ಚಿ ನೋಡಲು ಹೇಳಿ. ಒಂದು ಭಂಗಿ ಸಿಗುತ್ತದೆ. ಬೇರೆ ಜೋಡಿ ಆರಿಸಿದರೆ ಬೇರೆ ಭಂಗಿ. ಒಂದೇ ಕಲ್ಲಿನಲ್ಲಿ ಇಡೀ ನೃತ್ಯ ಕಾಣುವುದು ಹೀಗೆ. ಬರೀ ಸೆಲ್ಫಿ ತೆಗೆದು ಮೆಟ್ಟಿಲು ಹತ್ತಿದವರಿಗೆ ಇದು ಸಿಗುವುದಿಲ್ಲ. ಮೂರನೆಯ ಗುಹೆ ದೊಡ್ಡದು, ಅಲ್ಲಿ ಚಾಲುಕ್ಯ ಮಂಗಳೇಶನ ಶಾಸನ ಇದೆ, ಶಕ 500, ಅಂದರೆ ಕ್ರಿಸ್ತಶಕ 578. ಇಸವಿ ಖಚಿತವಾಗಿ ಗೊತ್ತಿರುವ ಗುಹಾದೇವಾಲಯ ಎಂಬುದೇ ಇದರ ಹೆಚ್ಚುಗಾರಿಕೆ. ನಾಲ್ಕನೆಯದು ಜೈನರದು.

ಐದು ಗಂಟೆಗೆ ಕೆಳಗಿಳಿಯಬೇಕು, ತಡ ಮಾಡಬೇಡಿ. ಕೆರೆಯ ದಂಡೆ ಹಿಡಿದು ನಡೆದರೆ ಪೂರ್ವದ ತುದಿಯಲ್ಲಿ ಭೂತನಾಥನ ಗುಡಿ. ಸಂಜೆಯ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ, ಹಿಂದಿನ ಕೆಂಪು ಬಂಡೆ ಕೆಂಡದಂತೆ ಕಾಣುತ್ತದೆ. ಬೆಳಗ್ಗೆ ಹೋದವರಿಗೆ ಆ ಬಣ್ಣ ಇಲ್ಲ.

ಮಲೇಷ್ಯಾದ ಮಕ್ಕಳಿದ್ದರೆ ಆ ಕಟ್ಟೆಯ ಮೇಲೆ ಕೂರಿಸಿ ಒಂದು ಕತೆ ಹೇಳಿ. 642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮ ಈ ಬಾದಾಮಿಯನ್ನು ಗೆದ್ದ. ನೂರು ವರ್ಷದ ಮೇಲೆ ಚಾಲುಕ್ಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಊರು ಸುಡಲಿಲ್ಲ, ಅಲ್ಲಿಯ ಕೈಲಾಸನಾಥನ ಗುಡಿಯಲ್ಲಿ ಕನ್ನಡದ ಶಾಸನ ಬರೆಸಿ ಬಂದ. ಆ ಪಲ್ಲವರ ಲಿಪಿಯೇ ಸಮುದ್ರ ದಾಟಿತು. ಏಳನೆಯ ಶತಮಾನದ ಹಳೆಯ ಮಲಯ ಭಾಷೆಯ ಶಾಸನಗಳು ಅದೇ ಲಿಪಿಯಲ್ಲಿವೆ. ತಮ್ಮ ಭಾಷೆಗೂ ಈ ಬಂಡೆಗೂ ಎಲ್ಲೋ ನಂಟಿದೆ ಎಂದು ತಿಳಿದಾಗ ಆ ಮಕ್ಕಳು ನೋಡುವ ನೋಟವೇ ಬೇರೆಯಾಗುತ್ತದೆ.

ಭಾನುವಾರ ಬೆಳಗ್ಗೆ ಏಳಕ್ಕೆ ಗಾಡಿ. ಐಹೊಳೆ, ಪಟ್ಟದಕಲ್ಲಿನ ನಡುವೆ ಬಸ್ಸು ನಂಬಿ ಕೂತರೆ ಅರ್ಧ ದಿನ ಹೋಗುತ್ತದೆ, ಆಟೊ ಅಥವಾ ಟಂಟಂ ಮಾತಾಡಿ. ಮಾತಾಡುವಾಗ ಕಾಯುವ ಹೊತ್ತು, ಬನಶಂಕರಿ ಎಲ್ಲ ಸೇರಿಸಿಯೇ ದರ ಗಟ್ಟಿ ಮಾಡಿಕೊಳ್ಳಿ. ನಡುವೆ ಜಗಳ ಬರುವುದು ಕಾಯುವ ಹೊತ್ತಿನ ಮೇಲೆಯೇ. ಪಟ್ಟದಕಲ್ಲು 22 ಕಿಲೋಮೀಟರಿಗೇ ಸಿಗುತ್ತದೆ, ಡ್ರೈವರು ಅಲ್ಲೇ ನಿಲ್ಲಿಸಲು ನೋಡುತ್ತಾನೆ. ಬೇಡ. ಇನ್ನೊಂದು ಹದಿಮೂರು, ಹದಿನಾಲ್ಕು ಕಿಲೋಮೀಟರ್ ಮುಂದೆ ಹೋಗಿ ಐಹೊಳೆ ಮೊದಲು ನೋಡಿಸಿ. ಐಹೊಳೆಯಲ್ಲಿ ಶಿಲ್ಪಿಗಳು ಕಟ್ಟಿ ನೋಡಿದರು, ಪಟ್ಟದಕಲ್ಲಿನಲ್ಲಿ ಪಳಗಿದ ಕೈ ತೋರಿಸಿದರು. ಹಿಂದುಮುಂದಾದರೆ ಐಹೊಳೆ ಸಪ್ಪೆ ಅನಿಸುತ್ತದೆ.

ಬಿಸಿಲೇರುವ ಮೊದಲೇ ಮೇಗುತಿಯ ಗುಡ್ಡ ಹತ್ತಲಿ. ಅಲ್ಲಿಯ ಜೈನ ಬಸದಿಯಲ್ಲಿ ಕವಿ ರವಿಕೀರ್ತಿಯ 634ರ ಶಾಸನ ಇದೆ. ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಹರ್ಷವೇ ಇಂಗಿಹೋಯಿತು ಎಂದು ಹೆಸರಿನ ಮೇಲೆಯೇ ಶ್ಲೇಷೆ ಮಾಡಿದ್ದಾನೆ. ಕೆಳಗೆ ಲಾಡಖಾನ್ ಗುಡಿಯ ಮಾಡನ್ನು ನೋಡಲು ಮರೆಯಬಾರದು. ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳು, ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ ಮರದ ದಿಮ್ಮಿಯಂಥ ಉದ್ದನೆಯ ಕಲ್ಲುಪಟ್ಟಿ. ಮಳೆನೀರು ಸಂದಿಯಲ್ಲಿ ಇಳಿಯಬಾರದೆಂದು ಮಾಡಿದ ಉಪಾಯ. ಮರದಲ್ಲಿ ಮನೆ ಕಟ್ಟುತ್ತಿದ್ದ ಕೈ ಕಲ್ಲಿಗೆ ಬಂದಾಗ ಹಳೆಯ ರೂಢಿ ಬಿಟ್ಟಿರಲಿಲ್ಲ. ಪಕ್ಕದ ದುರ್ಗ ಗುಡಿಗೆ ದೇವಿಯ ಹೆಸರಲ್ಲ, ಕೋಟೆಯ ದುರ್ಗದಿಂದ ಬಂದ ಹೆಸರು. ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ.

ಹನ್ನೊಂದಕ್ಕೆ ಪಟ್ಟದಕಲ್ಲು. ಉತ್ತರದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ಶಿಖರ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿವೆ. ವಿರೂಪಾಕ್ಷ ಗುಡಿ ರಾಣಿ ಲೋಕಮಹಾದೇವಿ ಗಂಡ ವಿಕ್ರಮಾದಿತ್ಯನ ಕಂಚಿಯ ಗೆಲುವಿನ ನೆನಪಿಗೆ ಕಟ್ಟಿಸಿದ್ದು. ಅಲ್ಲಿಗೆ ನಿನ್ನೆ ಸಂಜೆಯ ಕತೆ ಕೂಡಿಕೊಂಡಿತು. ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಚಪ್ಪಲಿ ಬಿಡಬೇಕು. ಮಾರ್ಚಿನಿಂದ ಮೇವರೆಗೆ ಈ ಕಲ್ಲು ಕಾದ ಹಂಚಾಗಿರುತ್ತದೆ, ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹೋಗುವುದೇ ಲೇಸು. ಜನವರಿಯಲ್ಲಿ ಬನಶಂಕರಿ ಜಾತ್ರೆಯ ದಿನಗಳಲ್ಲಿ ಮಾತ್ರ ರೂಮು ಸಿಗುವುದು ಕಷ್ಟ.

ಊಟಕ್ಕೆ ಬಾದಾಮಿ ದಾಟಿ ಐದು ಕಿಲೋಮೀಟರ್, ಬನಶಂಕರಿ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರು ಖಡಕ್ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. "ಅಕ್ಕಾರ, ಮೊಸರು ಜಾಸ್ತಿ ಹಾಕ್ರಿ" ಎಂದರೆ ಖಾರ ತಡೆಯದ ಪರದೇಶದ ನಾಲಿಗೆಗೆ ದಾರಿ ಸುಗಮ. ಚಟ್ನಿಯನ್ನು ರೊಟ್ಟಿಗೆ ಹಚ್ಚುವುದಕ್ಕಿಂತ ಮೊಸರಿನಲ್ಲಿ ಕಲಸುವುದನ್ನು ಮೊದಲು ತೋರಿಸಿ. ಮಾಂಸದ ಬಗ್ಗೆ ಮುಸ್ಲಿಂ ವಿದ್ಯಾರ್ಥಿಗಳಿಗಿರುವ ಅನುಮಾನವೂ ಈ ಊಟದಲ್ಲಿ ಇಲ್ಲ.

ಮೂರು ಗಂಟೆಗೆ ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿರಿ. ಸಂಜೆ ನೋಡೋಣ ಎಂದು ಕೂತರೆ ನೇರ ಬಸ್ಸು ತಪ್ಪಿ, ಎರಡು ಕಡೆ ಇಳಿದು ಹತ್ತಿ ನಡುರಾತ್ರಿ ಬೆಳಗಾವಿ ಮುಟ್ಟಬೇಕಾಗುತ್ತದೆ. ಸೋಮವಾರ ಬೆಳಗ್ಗೆ ಅವರಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಹಾಜರಿ ಇರುತ್ತದೆ. ಬೋರ್ಡನ್ನು ಈ ಸಲ ಅವರೇ ಓದಲಿ: ಬೆಳಗಾವಿ, ನಾಲ್ಕು ಅಕ್ಷರ.

ನಮಸ್ಕಾರ.