ಕೆಮ್ಮಣ್ಣಿನ ದಾರಿಗೆ ಯಾವ ಬಣ್ಣದ ಶೂ?

ಕೇಳುಗರೆಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮೈಸೂರಿನವರ ಸೈಕಲ್ ಹುಚ್ಚು ಎಷ್ಟಿದೆ ಅಂತ ಗೊತ್ತಾಗುತ್ತದೆ. 2017ರಲ್ಲೇ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದ ಊರು ಇದು. ಆ ಸೈಕಲ್ ತುಳಿಯಲು ಹವಾಯಿ ಚಪ್ಪಲಿ ಸಾಕು. ಆದರೆ ಬೆಟ್ಟ ಹತ್ತುವವರ, ಕೆಆರ್‌ಎಸ್‌ಗೋ ಮಂಡ್ಯಕ್ಕೋ ಹೋಗಿ ಬರುವವರ ಕಾಲು ನೋಡಿ. ಗಟ್ಟಿ ಅಟ್ಟೆ, ಅದರಡಿ ಪೆಡಲ್ಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಅನ್ನೋ ಚಿಕ್ಕ ತುಂಡು, ಪೆಡಲ್ಲಿನ ಮೇಲೆ ಇಟ್ಟರೆ ಟಕ್ ಅಂತ ಕೂರುವ ಶೂ. ಅದೂ ಹೆಚ್ಚಾಗಿ ಬಿಳಿ ಶೂ.

ಬಿಳಿ ಯಾಕೆ ಅಂದರೆ ಟಿವಿಯಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೋಡಿರುತ್ತೇವೆ, ಅದಕ್ಕೆ. ಆ ಸವಾರರಿಗೆ ಶೂ ಕಂಪನಿಯವರೇ ಕೊಡುತ್ತಾರೆ. ಮಾಸಿದರೆ ಇನ್ನೊಂದು ಜೊತೆ ಬರುತ್ತದೆ. ನಮ್ಮ ಕಥೆ ಹಾಗಲ್ಲ, ಅಲ್ವಾ? ಸಾವಿರಾರು ರೂಪಾಯಿ ಕೊಟ್ಟು ತಂದ ಶೂ ನಾಲ್ಕೈದು ವರ್ಷವಾದರೂ ಬರಬೇಕು.

ಬಣ್ಣ ಆರಿಸುವ ಮೊದಲು ನಾವು ಓಡಾಡುವ ದಾರಿ ನೋಡಬೇಕು. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಬಿಡುವುದಿಲ್ಲ. ಹಾಗಾಗಿ ಮಂಡ್ಯದ ಕಡೆ ಹೋಗುವವರು ಸರ್ವೀಸ್ ರಸ್ತೆ ಹಿಡಿಯಬೇಕು, ಇಲ್ಲವೇ ಊರೊಳಗಿನ ದಾರಿ, ನಾಲೆ ಏರಿ. ಸರ್ವೀಸ್ ರಸ್ತೆಯ ಅಂಚಿನಲ್ಲಿ ಧೂಳು. ಏರಿ ಮೇಲೆ ಕೆಮ್ಮಣ್ಣು. ಗದ್ದೆಗೆ ನೀರು ಬಿಟ್ಟ ಕಾಲದಲ್ಲಿ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಕೆಸರು. ಇದರ ಜೊತೆಗೆ ನಮ್ಮದೇ ಸೈಕಲ್ಲಿನ ಚೈನಿನ ಎಣ್ಣೆ.

ಬಿಳಿ ಶೂ ಮಣ್ಣನ್ನು ಹೇಗೋ ತಡೆದುಕೊಳ್ಳುತ್ತದೆ, ಎಣ್ಣೆಯನ್ನು ತಡೆದುಕೊಳ್ಳುವುದಿಲ್ಲ. ಬಲಗಾಲಿನ ಶೂವಿನ ಒಳಮಗ್ಗುಲು ನೋಡಿ. ಸಿಗ್ನಲ್ ಬಂದಾಗ ಕಾಲು ತೆಗೆದು ಊರುತ್ತೇವಲ್ಲ, ಆಗ ಚೈನು ತಾಗಿ ಕಪ್ಪು ಗೀರು ಬೀಳುತ್ತದೆ. ಇನ್ನೊಂದು ಜಾಗ ಪಟ್ಟಿಯ ತುದಿ. ದಾರಿಯಲ್ಲಿ ಚೈನು ಕಳಚಿದರೆ ಕೈಯಿಂದಲೇ ಕೂರಿಸುತ್ತೇವೆ. ಅದೇ ಬೆರಳಲ್ಲಿ ಶೂ ಪಟ್ಟಿ ಎಳೆದು ಬಿಗಿ ಮಾಡುತ್ತೇವೆ. ಹೆಬ್ಬೆರಳಿನ ಗುರುತು ಹಾಗೇ ಅಚ್ಚಾಗಿ ಉಳಿಯುತ್ತದೆ.

ಹಾಗಾದರೆ ಕಪ್ಪು ತಗೊಂಡರೆ ಚಿಂತೆಯಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಪ್ಪಿನ ಮೇಲೆ ಎಣ್ಣೆ ಕಾಣದಿರಬಹುದು, ಆದರೆ ಕೆಮ್ಮಣ್ಣಿನ ಧೂಳು ಎದ್ದು ಕಾಣುತ್ತದೆ. ಬೆವರು ಒಣಗಿದ ಉಪ್ಪಿನ ಬಿಳಿ ಗೆರೆಯೂ ಕಾಣುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಪ್ಪು ಬೇಗ ಕಾಯುತ್ತದೆ ಕೂಡ. ನಮ್ಮ ಕಡೆಗೆ ಹೊಂದುವುದು ಬೂದಿ ಬಣ್ಣ, ಇಲ್ಲವೇ ಮಾಸಲು ಹಸಿರು, ಕಂದು. ಅಂಗಡಿಯ ದೀಪದ ಕೆಳಗೆ ಇವು ಸಪ್ಪೆಯಾಗಿ ಕಾಣುತ್ತವೆ, ನಿಜ. ಪಾಂಡವಪುರದವರೆಗೆ ಹೋಗಿ ಬಂದ ಮೇಲೆ ಬಿಳಿ ಶೂ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಹೇಳಿ.

ಬಿಳಿಯೇ ಬೇಕು ಅನ್ನುವವರಿಗೂ ದಾರಿ ಇದೆ. ಬಣ್ಣಕ್ಕಿಂತ ಮೈ ಮುಖ್ಯ. ನುಣುಪಾದ ಸಿಂಥೆಟಿಕ್ ಮೈ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಆಯಿತು. ಹೆಣಿಗೆ ಬಟ್ಟೆಯ ಶೂ ನೋಡಲು ಚೆಂದ, ಕಾಲಿಗೂ ತಂಪು. ಆದರೆ ಬಿಳಿ ಹೆಣಿಗೆಯ ಎಳೆಯೊಳಗೆ ಕೆಮ್ಮಣ್ಣು ಸೇರಿತೆಂದರೆ ಮುಗಿಯಿತು.

ಕತ್ತಲಲ್ಲಿ ಓಡಿಸುವವರಿಗೆ ಒಂದು ಮಾತು. ಹೊಳೆಯುವ ಹಳದಿ, ಕಿತ್ತಳೆ ಶೂ ಹಾಕಿದರೆ ರಾತ್ರಿ ಕಾಣುತ್ತೇವೆ ಅಂತ ಸುಮ್ನೆ ನಂಬಬೇಡಿ. ಆ ಬಣ್ಣ ಮಿನುಗುವುದು ಬಿಸಿಲಿನಲ್ಲಿರುವ ಅತಿನೇರಳೆ ಕಿರಣದಿಂದ. ಹಗಲು, ಮೋಡ, ಮುಸ್ಸಂಜೆಗೆ ಸರಿ. ರಾತ್ರಿ ಬೇಕಾದ್ದು ವಾಹನದ ಬೆಳಕನ್ನು ತಿರುಗಿ ಎಸೆಯುವ ರಿಫ್ಲೆಕ್ಟರ್ ಪಟ್ಟಿ. ಅದನ್ನು ಹಿಮ್ಮಡಿಗೆ ಅಂಟಿಸಿ. ಕಾಲು ಮೇಲೆ ಕೆಳಗೆ ಆಡುವುದರಿಂದ ಮುಂದೆ ಇರುವುದು ಸೈಕಲ್ ಅಂತ ಹಿಂದಿನವರಿಗೆ ಬೇಗ ಹೊಳೆಯುತ್ತದೆ. ಕಬ್ಬಿನ ಲಾರಿಗಳು ರಾತ್ರಿಯೆಲ್ಲ ಓಡುವ ಸೀಮೆಯಲ್ಲಿ ಶೂ ಬಣ್ಣಕ್ಕಿಂತ ಈ ಪಟ್ಟಿ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಈಗ ತೊಳೆಯುವ ವಿಚಾರ. ಮನೆಗೆ ಬಂದ ಕೂಡಲೇ ನಲ್ಲಿ ಕೆಳಗೆ ಹಿಡಿಯಬೇಡಿ. ಕೆಸರು ಒಣಗಲಿ. ಒಣಗಿದ ಮೇಲೆ ಹಳೇ ಟೂತ್ ಬ್ರಷ್ಷಿನಲ್ಲಿ ಉದುರಿಸಿ. ಒದ್ದೆಯಲ್ಲೇ ಉಜ್ಜಿದರೆ ಮಣ್ಣು ಹೊಲಿಗೆಯ ಸಂದಿಗೆ ಇಳಿಯುತ್ತದೆ. ಆಮೇಲೆ ಇನ್ಸೋಲ್ ಹೊರಗೆ ತೆಗೆದು, ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಬಟ್ಟೆ ಅದ್ದಿ ಒರೆಸಿ. ಚೈನಿನ ಎಣ್ಣೆಗೆ ಮಾತ್ರ ಕ್ರಮ ಬೇರೆ. ನೀರು ತಾಗಿಸುವ ಮೊದಲೇ ಆ ಸೋಪನ್ನು ನೇರವಾಗಿ ಕಲೆಯ ಮೇಲೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ.

ಕೆಮ್ಮಣ್ಣಿನ ಕಲೆಗೆ ಬ್ಲೀಚ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಆ ಮಣ್ಣಿಗೆ ಕೆಂಪು ಬರುವುದೇ ಅದರಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದ, ಅಂದರೆ ತುಕ್ಕಿನ ಜಾತಿಯದು. ಬ್ಲೀಚಿಗೆ ಅದು ಜಗ್ಗುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರುತ್ತದೆ. ಮೇಲಾಗಿ ಹೊಲಿಗೆಯ ದಾರ ಸೊರಗುತ್ತದೆ, ಬಿಳಿ ಹಳದಿಗೆ ತಿರುಗುತ್ತದೆ. ಹುಳಿಗೆ ಮಾತ್ರ ಈ ಕಲೆ ಸ್ವಲ್ಪ ಬಗ್ಗುತ್ತದೆ. ಸಿಂಥೆಟಿಕ್ ಶೂ ಆದರೆ ನಿಂಬೆರಸ ಸವರಿ, ಸ್ವಲ್ಪ ಹೊತ್ತಿನ ಮೇಲೆ ಚೆನ್ನಾಗಿ ಒರೆಸಿ ತೆಗೆಯಿರಿ. ಮೊದಲು ಕಾಣದ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ. ಚರ್ಮದ್ದಾದರೆ ಇದೂ ಬೇಡ.

ವಾಷಿಂಗ್ ಮಷೀನಿಗೆ ಹಾಕಬೇಡಿ. ತಾರಸಿ ಮೇಲೆ ಬಿಸಿಲಿಗೂ ಇಡಬೇಡಿ, ಅಟ್ಟೆಯ ಅಂಟು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡಿ. ಗಂಟೆಗೊಂದು ಸಲ ಪೇಪರ್ ಬದಲಾಯಿಸಿ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನಾನು ನೋಡಿಲ್ಲ. ಒದ್ದೆ ಶೂವನ್ನು ಡಬ್ಬಿಯೊಳಗೆ ಮುಚ್ಚಿಟ್ಟರೆ ಬೂಷ್ಟು ಗ್ಯಾರಂಟಿ.

ಶೂ ಮಾಸದಂತೆ ನೋಡಿಕೊಳ್ಳಲು ಚೈನು ಒರೆಸುವುದೇ ಸುಲಭದ ದಾರಿ. ಎಣ್ಣೆ ಬಿಟ್ಟ ಮೇಲೆ ಹೊರಗಿನದನ್ನೆಲ್ಲ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಎಣ್ಣೆ ಬೇಕಾದ್ದು ಚೈನಿನ ಕೊಂಡಿಯೊಳಗೆ, ಹೊರಗಲ್ಲ. ಮೇಣದ ಲೂಬ್ರಿಕೆಂಟ್ ಬಳಸಿದರೆ ಇನ್ನೂ ಒಳ್ಳೆಯದು, ಧೂಳು ಅಷ್ಟಾಗಿ ಅಂಟುವುದಿಲ್ಲ.

ಕೊನೆಗೆ ಕ್ಲೀಟು. ಏರಿ ಮೇಲೆ ಇಳಿದು ನಡೆಯುವ ಅಭ್ಯಾಸ ಇದ್ದರೆ ಎರಡು ಬೋಲ್ಟಿನ ಚಿಕ್ಕ ಕ್ಲೀಟ್ ವಾಸಿ. ಅದು ಅಟ್ಟೆಯೊಳಗೆ ಹುದುಗಿರುತ್ತದೆ. ಶಿಮಾನೊ ಕಂಪನಿ ಇದನ್ನು 1990ರಲ್ಲಿ ತಂದಿತು. ಮೂರು ಬೋಲ್ಟಿನ ದೊಡ್ಡ ಕ್ಲೀಟ್ ಹಾಕಿಕೊಂಡು ಕೆಸರಿಗೆ ಇಳಿದರೆ ಪೆಡಲ್ಲಿಗೆ ಮತ್ತೆ ಕೂರುವುದೇ ಇಲ್ಲ, ಕಡ್ಡಿ ಹುಡುಕಿ ಕೆರೆಯಬೇಕು. ಮಳೆಗಾಲದಲ್ಲಿ ಒಮ್ಮೆ ಬೋಲ್ಟ್ ಬಿಚ್ಚಿ, ಅದರ ತಿರುಪಿನ ಗೀರುಗಳಿಗೆ ಚೂರು ಗ್ರೀಸ್ ಹಚ್ಚಿ ಹಾಕಿ, ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಬಿಚ್ಚುವ ಮೊದಲು ಕ್ಲೀಟಿನ ಸುತ್ತ ಅಟ್ಟೆಯ ಮೇಲೆ ಗೆರೆ ಎಳೆದುಕೊಳ್ಳಿ. ಅದು ಇದ್ದ ಜಾಗದಲ್ಲೇ ಮತ್ತೆ ಕೂರಬೇಕು, ಸ್ವಲ್ಪ ಓರೆಯಾದರೂ ಮಂಡಿ ನೋವು ಶುರುವಾಗಬಹುದು.

ನಮಸ್ಕಾರ.