‘ವೀಟಿಶ್’ ಅಂದ್ರೆ ಲಂಡನ್‌ನಲ್ಲಿ ಯಾರಿಗೂ ತಿಳಿಯಲ್ಲ: ಇಂಗ್ಲಿಷ್‌ನಲ್ಲಿ ಮೈಬಣ್ಣ, ಚಹರೆ ಹೇಳೋದು ಹೇಗೆ?

[ಪರದೆ: ಪತ್ರಿಕಾ ಪ್ರಕಟಣೆಯ ಮಾದರಿ. “ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ಎತ್ತರ 5.6 ಅಡಿ.”]

ನಮಸ್ಕಾರ. ‘ಕಾಣೆಯಾಗಿದ್ದಾರೆ’ ಅನ್ನೋ ಪ್ರಕಟಣೆಗಳಲ್ಲಿ ಈ ಸಾಲನ್ನ ನೀವೆಲ್ಲ ಓದಿರ್ತೀರಿ. ಓದಿದ ಕೂಡಲೇ ಒಂದು ಮುಖ ಕಣ್ಮುಂದೆ ಬರುತ್ತೆ. ಇದನ್ನೇ ಲಂಡನ್ ಪೊಲೀಸರಿಗೆ ಫೋನಲ್ಲಿ ಹೇಳಬೇಕಾಗಿ ಬಂತು ಅಂದ್ಕೊಳ್ಳಿ. ಗೋಧಿ ಮೈಬಣ್ಣಕ್ಕೆ ‘ವೀಟಿಶ್ ಕಾಂಪ್ಲೆಕ್ಷನ್’ ಅಂದ್ರೆ ಆ ಕಡೆ ಇರೋರಿಗೆ ಏನೂ ಹೊಳೆಯಲ್ಲ. ವೀಟಿಶ್ ಅನ್ನೋದು ಭಾರತದ ಇಂಗ್ಲಿಷ್ ಪದ. ವಧೂವರರ ಜಾಹೀರಾತಿನಲ್ಲಿ, ನಮ್ಮ ಠಾಣೆಗಳ ದಾಖಲೆಯಲ್ಲಿ ನಡೆಯುತ್ತೆ. ಬ್ರಿಟನ್, ಅಮೆರಿಕದಲ್ಲಿ ನಡೆಯಲ್ಲ.

ಓದೋಕೆ, ಕೆಲಸಕ್ಕೆ ಅಂತ ಹೊರಗೆ ಹೋಗೋರು, ಮಗಳ ಬಾಣಂತನಕ್ಕೆ ಅಂತ ಹೋಗೋ ಅಪ್ಪ ಅಮ್ಮಂದಿರು ಇದನ್ನ ತಿಳ್ಕೊಂಡಿರಲೇಬೇಕು. ಅಲ್ಲಿ ಮೈಬಣ್ಣದ ಪದಗಳು ಜಾಗಕ್ಕೆ ತಕ್ಕಂತೆ ಬದಲಾಗ್ತವೆ. ಪೊಲೀಸರ ಹತ್ತಿರ ಒಂದು, ಮೇಕಪ್ ಅಂಗಡಿಯಲ್ಲಿ ಇನ್ನೊಂದು, ಆಸ್ಪತ್ರೆಯಲ್ಲಿ ಮತ್ತೊಂದು. ಮಾತುಕತೆಯಲ್ಲಂತೂ ಇನ್ನೊಬ್ಬರ ಮೈಬಣ್ಣದ ವಿಷಯ ಎತ್ತೋದೇ ಇಲ್ಲ.

[ಪರದೆ: ಚಹರೆ ಹೇಳುವ ಕ್ರಮ]

ಮೊದಲು ಪೊಲೀಸರ ವಿಷಯ. ಬ್ರಿಟನ್ ಪೊಲೀಸರು ರೇಡಿಯೋದಲ್ಲಿ ‘ಐಸಿ ಕೋಡ್’ ಅಂತ ಬಳಸ್ತಾರೆ. ಐಸಿ 1 ಅಂದ್ರೆ ನೋಡೋಕೆ ಉತ್ತರ ಯುರೋಪಿನ ಬಿಳಿಯರ ಹಾಗಿರೋರು, ಐಸಿ 2 ದಕ್ಷಿಣ ಯುರೋಪಿನವರ ಹಾಗಿರೋರು, ಐಸಿ 3 ಕಪ್ಪು ಜನಾಂಗದವರು, ಐಸಿ 4 ನಮ್ಮಂಥ ದಕ್ಷಿಣ ಏಷ್ಯಾದವರು. ಗಮನಿಸಿ: ಗೋಧಿ ಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು, ನಾವು ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸೋದೆಲ್ಲ ಅಲ್ಲಿ ಒಂದೇ ನಾಲ್ಕನೇ ನಂಬರಿಗೆ ಹೋಗುತ್ತೆ. ಹಾಗಾಗಿ ಆಳನ್ನ ಗುರುತು ಹಿಡಿಸೋದು ಬಣ್ಣ ಅಲ್ಲ. ವಯಸ್ಸು, ಎತ್ತರ, ಮೈಕಟ್ಟು, ಕೂದಲು, ಗಡ್ಡ, ಕನ್ನಡಕ, ಹಾಕಿರೋ ಬಟ್ಟೆ.

ನಮ್ಮ ಪ್ರಕಟಣೆಯನ್ನ ಒಂದೊಂದಾಗಿ ಬಿಡಿಸೋಣ. ‘ಕೋಲು ಮುಖ’ ಅನ್ನೋದನ್ನ ‘ಲಾಂಗ್ ಫೇಸ್’ ಅನ್ನಬೇಡಿ, ಅದು ಸಪ್ಪೆ ಮೋರೆ ಅನ್ನೋ ಅರ್ಥಕ್ಕೂ ಹೋಗುತ್ತೆ. ‘ನ್ಯಾರೋ ಫೇಸ್’ ಅನ್ನಿ. ಸಾಧಾರಣ ಮೈಕಟ್ಟು ‘ಮೀಡಿಯಂ ಬಿಲ್ಡ್’, ಅಮೆರಿಕದಲ್ಲಿ ‘ಆವರೇಜ್ ಬಿಲ್ಡ್’ ಕೂಡ ನಡೆಯುತ್ತೆ. ಗಿಡ್ಡಗೆ ಗಟ್ಟಿಮುಟ್ಟಾಗಿರೋರು ‘ಸ್ಟಾಕಿ’, ಎತ್ತರಕ್ಕೆ ಬಡಕಲಾಗಿರೋರು ‘ಲ್ಯಾಂಕಿ’. ಇನ್ನು ಎತ್ತರ. ನಮ್ಮಲ್ಲಿ 5.6 ಅಂತ ಬರೆದ್ರೆ 5 ಅಡಿ 6 ಇಂಚು ಅಂತಲೇ ಓದ್ತೀವಿ. ಹೊರಗಿನವರು ಅದನ್ನ ದಶಮಾಂಶ ಅಂತ ಓದಿದ್ರೆ 5 ಅಡಿ 7 ಇಂಚಿನ ಮೇಲಾಗುತ್ತೆ. ‘ಫೈವ್ ಫುಟ್ ಸಿಕ್ಸ್’ ಅಂತ ಬಿಡಿಸಿ ಹೇಳಿ.

[ಪರದೆ: “ಸೌತ್ ಏಷ್ಯನ್ ಮ್ಯಾನ್, ಲೇಟ್ ಟ್ವೆಂಟೀಸ್, ಅಬೌಟ್ ಫೈವ್ ಫುಟ್ ಸಿಕ್ಸ್, ಮೀಡಿಯಂ ಬಿಲ್ಡ್, ನ್ಯಾರೋ ಫೇಸ್, ಶಾರ್ಟ್ ಬ್ಲ್ಯಾಕ್ ಹೇರ್, ಟ್ರಿಮ್ಡ್ ಬಿಯರ್ಡ್, ನೇವಿ ಜಾಕೆಟ್.”]

‘ಸೌತ್ ಏಷ್ಯನ್’ ಅಂತಲೇ ಯಾಕೆ? ಬರೀ ‘ಏಷ್ಯನ್’ ಅಂದ್ರೆ ಬ್ರಿಟನ್‌ನಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದವರು ನೆನಪಾಗ್ತಾರೆ, ಅಮೆರಿಕದಲ್ಲಿ ಬಹುತೇಕರಿಗೆ ಚೀನಾ, ಕೊರಿಯಾದವರು. ‘ಸೌತ್’ ಸೇರಿಸಿದ್ರೆ ಎರಡೂ ಕಡೆ ಗೊಂದಲ ಇಲ್ಲ. ಮೈಬಣ್ಣ ಹೇಳಲೇಬೇಕಾಗಿ ಬಂದ್ರೆ ‘ಲೈಟ್ ಬ್ರೌನ್ ಸ್ಕಿನ್’, ‘ಮೀಡಿಯಂ ಬ್ರೌನ್ ಸ್ಕಿನ್’, ‘ಡಾರ್ಕ್ ಬ್ರೌನ್ ಸ್ಕಿನ್’. ಇಷ್ಟು ಸಾಕು. ‘ಸ್ಕಿನ್’ ಅನ್ನೋದನ್ನ ಮಾತ್ರ ಬಿಡಬೇಡಿ. ‘ಟಾಲ್, ಡಾರ್ಕ್ ಆ್ಯಂಡ್ ಹ್ಯಾಂಡ್‌ಸಮ್’ ಅಂತಾರಲ್ಲ, ಅಲ್ಲಿ ಡಾರ್ಕ್ ಅಂದ್ರೆ ಮುಖ್ಯವಾಗಿ ಕಪ್ಪು ಕೂದಲು, ಕಪ್ಪು ಕಣ್ಣು. ಹಾಗೇ ‘ಫೇರ್’ ಅಂದ್ರೆ ಹೊಂಬಣ್ಣದ ಕೂದಲಿಗೂ ಆಗುತ್ತೆ.

[ಪರದೆ: ಮಾತುಕತೆ]

ಈ ‘ಫೇರ್’ ನಮ್ಮವರನ್ನ ಸಿಕ್ಕಿಸೋವಷ್ಟು ಬೇರೆ ಯಾವ ಪದವೂ ಸಿಕ್ಕಿಸಲ್ಲ. ಅಲ್ಲಿ ಫೇರ್ ಸ್ಕಿನ್ ಅಂದ್ರೆ ಸ್ವಲ್ಪ ಬಿಸಿಲಿಗೇ ಕೆಂಪಾಗಿ ಸುಡೋ ಬಿಳಿ ಚರ್ಮ. ನಾವು ಮಗು ನೋಡೋಕೆ ಹೋದಾಗ ‘ಸೋ ಫೇರ್!’ ಅಂತ ಮೆಚ್ಚಿ ಆಡೋ ಮಾತು ಅವರ ಕಿವಿಗೆ ಬಣ್ಣಭೇದದ ಹಾಗೆ ಬೀಳುತ್ತೆ. ನಿಜ ಹೇಳಬೇಕಂದ್ರೆ ಆ ಮಾತು ನಮ್ಮೂರಲ್ಲೂ ಬೇಡ. ಪಕ್ಕದಲ್ಲಿ ನಿಂತಿರೋ ಅಕ್ಕನ ಮಗಳಿಗೆ ಅದು ನಾಟುತ್ತೆ. 2020ರಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮಿನ ಹೆಸರು ‘ಗ್ಲೋ ಆ್ಯಂಡ್ ಲವ್ಲಿ’ ಆಯ್ತು, ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದಿಂದ ಹುಡುಕೋ ಆಯ್ಕೆ ತೆಗೆದುಹಾಕ್ತು. ಮದುವೆ ಮಾತುಕತೆಯಲ್ಲಿ ಆ ಪದ ಇನ್ನೂ ಹೋಗಿಲ್ಲ.

‘ಹೋಮ್ಲಿ’ ಪದ ಬಯೋಡೇಟಾದಲ್ಲಿದ್ರೆ ಇವತ್ತೇ ತೆಗೀರಿ. ಇಲ್ಲಿ ಮನೆವಾರ್ತೆ ಬಲ್ಲ ಹುಡುಗಿ ಅನ್ನೋ ಅರ್ಥ. ಅಮೆರಿಕದಲ್ಲಿ ರೂಪ ಇಲ್ಲದವಳು ಅಂತ. ‘ಹೆಲ್ದಿ’ ಅನ್ನೋದನ್ನ ದಪ್ಪಗಿದ್ದಾರೆ ಅನ್ನೋಕೆ ಬಳಸೋದು ನಮ್ಮ ರೂಢಿ. ‘ಯು ಆರ್ ಟ್ಯಾನ್ಡ್’, ಅಂದ್ರೆ ಬಿಸಿಲಿಗೆ ಮೈ ಕಂದಾಗಿದೆ ಅಂತ ಯಾರಾದ್ರೂ ಅಂದ್ರೆ ಬೇಜಾರು ಬೇಡ, ರಜೆ ಚೆನ್ನಾಗಿ ಕಳೆದಿದ್ದೀರಿ ಅನ್ನೋ ಮೆಚ್ಚುಗೆ ಅದು. ಅವರಿಗೆ ‘ಡಿ-ಟ್ಯಾನ್ ಫೇಶಿಯಲ್’ ಅನ್ನೋದು ಅರ್ಥ ಆಗೋದೇ ಕಷ್ಟ.

ಬಾಯಿಗೆ ಬರಲೇಬಾರದ ಪದಗಳೂ ಇವೆ. ‘ಕಲರ್ಡ್’ ಬ್ರಿಟನ್, ಅಮೆರಿಕ ಎರಡರಲ್ಲೂ ಅವಮಾನ. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ಅದು ಒಂದು ಸಮುದಾಯದ ಹೆಸರು. ‘ಪೀಪಲ್ ಆಫ್ ಕಲರ್’ ಅನ್ನೋದು ಹತ್ತಿರದ ಪದ ಅನಿಸಿದ್ರೂ ಅಮೆರಿಕದಲ್ಲಿ ಗೌರವದಿಂದಲೇ ಬಳಸ್ತಾರೆ. ಅಪ್ಪ ಒಂದು ಜನಾಂಗ, ಅಮ್ಮ ಇನ್ನೊಂದು ಆಗಿರೋರಿಗೆ ‘ಹಾಫ್ ಕಾಸ್ಟ್’ ಬದಲು ‘ಮಿಕ್ಸ್ಡ್ ರೇಸ್’ ಅನ್ನಿ. ಚೀನಾ, ಜಪಾನ್ ಕಡೆಯವರಿಗೆ ಹೇಳ್ತಿದ್ದ ‘ಓರಿಯಂಟಲ್’ ಪದವನ್ನ ಅಮೆರಿಕ 2016ರಲ್ಲಿ ತನ್ನ ಕೇಂದ್ರ ಕಾನೂನಿಂದಲೇ ತೆಗೆದುಹಾಕಿದೆ. ನಮ್ಮಲ್ಲಿ ಮೃದುವಾಗಿ ಕೇಳೋ ‘ಡಸ್ಕಿ’ ಅಲ್ಲಿ ಹಳೇ ಕಾಲದ್ದು, ಸ್ವಲ್ಪ ಮುಜುಗರದ್ದು. ಆಸ್ಪತ್ರೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವೇ ಇದೆ, ಅಲ್ಲಿಗೆ ಬರ್ತೀವಿ.

[ಪರದೆ: ಫೌಂಡೇಶನ್ ಶೇಡ್‌ಗಳು, ತಿಳಿಯಿಂದ ಗಾಢಕ್ಕೆ]

ಮೇಕಪ್ ಅಂಗಡಿಯಲ್ಲಿ ಮಾತ್ರ ಬಣ್ಣವನ್ನ ಬಿಡಿಸಿಯೇ ಹೇಳಬೇಕು. ಸಾಮಾನ್ಯ ಕ್ರಮ ಇದು: ಫೇರ್, ಲೈಟ್, ಮೀಡಿಯಂ, ಟ್ಯಾನ್, ಡೀಪ್. ಮನೆಯವರೆಲ್ಲ ಬೆಳ್ಳಗಿದ್ದಾಳೆ ಅನ್ನೋ ಹುಡುಗಿ ಅಲ್ಲಿ ಹೆಚ್ಚಾಗಿ ‘ಮೀಡಿಯಂ’. ‘ಫೇರ್’ ಅಂತ ಕೇಳಿ ತಂದ್ರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತೆ. ಇದಕ್ಕೆ ‘ಆ್ಯಶಿ’ ಅಂತಾರೆ.

ಎರಡನೆಯದು ಅಂಡರ್‌ಟೋನ್, ಅಂದ್ರೆ ಚರ್ಮದ ಒಳಗಿಂದ ಕಾಣೋ ಛಾಯೆ. ಹಳದಿ ಮಿಶ್ರಿತ ಆದ್ರೆ ವಾರ್ಮ್, ಗುಲಾಬಿ ಆದ್ರೆ ಕೂಲ್, ಎರಡರ ನಡುವೆ ನ್ಯೂಟ್ರಲ್, ಸ್ವಲ್ಪ ಹಸಿರು ಛಾಯೆ ಇದ್ರೆ ಆಲಿವ್. ಮ್ಯಾಕ್ ಕಂಪನಿಯ ಕ್ರಮ ಇದಕ್ಕೆ ಉಲ್ಟಾ: ‘ಎನ್‌ಸಿ’ ಅನ್ನೋದರಲ್ಲಿ ಕೂಲ್ ಅಂತ ಇದ್ರೂ ಅದು ಹೊಂಬಣ್ಣದ ಛಾಯೆಯವರಿಗೆ, ‘ಎನ್‌ಡಬ್ಲ್ಯೂ’ ಗುಲಾಬಿ ಛಾಯೆಯವರಿಗೆ. ಹೆಸರು ನಂಬಿ ತಗೊಂಡ್ರೆ ತಪ್ಪುತ್ತೆ. ಮೂರು ಶೇಡ್‌ಗಳನ್ನ ದವಡೆಯ ಅಂಚಿನಿಂದ ಕುತ್ತಿಗೆ ಕಡೆಗೆ ಗೆರೆ ಎಳೀರಿ, ಕೈಮೇಲೆ ಬೇಡ. ಹತ್ತು ನಿಮಿಷ ಬಿಡಿ, ಕೆಲವು ಗಾಳಿಗೆ ಗಾಢ ಆಗ್ತವೆ. ಆಮೇಲೆ ಅಂಗಡಿ ಬಾಗಿಲ ಹೊರಗೆ ಹಗಲು ಬೆಳಕಲ್ಲಿ ನೋಡಿ. ಯಾವ ಗೆರೆ ಕಾಣದೇ ಹೋಗುತ್ತೋ ಅದೇ ನಿಮ್ಮದು.

[ಪರದೆ: ಕ್ಲಿನಿಕ್]

ಲೇಸರ್ ಕ್ಲಿನಿಕ್‌ನಲ್ಲಿ ‘ಐ ಆ್ಯಮ್ ಫೇರ್’ ಅಂದ್ರೆ ಸುಟ್ಟ ಗಾಯಕ್ಕೇ ದಾರಿ. ಅಲ್ಲಿ ಬಳಸೋದು ಫಿಟ್ಸ್‌ಪ್ಯಾಟ್ರಿಕ್ ಸ್ಕೇಲ್. ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಅನ್ನೋ ಅಮೆರಿಕದ ಚರ್ಮವೈದ್ಯರು 1975ರಲ್ಲಿ ರೂಪಿಸಿದ್ದು. ಮೊದಲು ಬಿಳಿ ಚರ್ಮಕ್ಕೆ ಮಾತ್ರ ಇತ್ತು, ಕಂದು ಮತ್ತು ಕಪ್ಪು ಚರ್ಮಕ್ಕೆ 5, 6ನೇ ವಿಧ ಆಮೇಲೆ ಸೇರಿತು. ಇದು ಬಿಸಿಲಿಗೆ ಚರ್ಮ ಎಷ್ಟು ಸುಡುತ್ತೆ, ಎಷ್ಟು ಕಪ್ಪಾಗುತ್ತೆ ಅನ್ನೋದರ ಲೆಕ್ಕ. ನಮ್ಮಲ್ಲಿ ಬಹಳಷ್ಟು ಜನ 4 ಅಥವಾ 5. 755 ನ್ಯಾನೋಮೀಟರ್ ತರಂಗಾಂತರದ ಲೇಸರನ್ನ ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಜಾಸ್ತಿ ಹೀರಿಕೊಳ್ಳುತ್ತೆ, ಬೊಬ್ಬೆ, ಕಪ್ಪು ಕಲೆ ಬರೋದು ಹೀಗೆ. 1064 ನ್ಯಾನೋಮೀಟರಿನದು ಗಾಢ ಚರ್ಮಕ್ಕೆ ಹೆಚ್ಚು ಸುರಕ್ಷಿತ. ‘ಟೈಪ್ ಫೋರ್ ಆರ್ ಫೈವ್, ಐ ಟ್ಯಾನ್ ಈಸಿಲಿ’ ಅನ್ನಿ, ಮೊದಲು ಪ್ಯಾಚ್ ಟೆಸ್ಟ್, ಅಂದ್ರೆ ಸ್ವಲ್ಪ ಜಾಗದಲ್ಲಿ ಮಾತ್ರ ಮಾಡಿ ನೋಡೋ ಪರೀಕ್ಷೆ ಕೇಳಿ.

ಎಲ್ಲಕ್ಕಿಂತ ಮುಖ್ಯ ತುರ್ತು ಕರೆ. ಬ್ರಿಟನ್‌ನಲ್ಲಿ 999, ಅಮೆರಿಕದಲ್ಲಿ 911. ಫೋನ್ ಎತ್ತಿದವರು ‘ಪೇಲ್, ಗ್ರೇ ಆರ್ ಬ್ಲೂ?’ ಅಂತ ಕೇಳಬಹುದು. ಬಿಳಿಚಿಕೊಂಡಿದ್ದಾರಾ, ಬೂದು ತಿರುಗಿದ್ದಾರಾ, ನೀಲಿಗಟ್ಟಿದ್ದಾರಾ ಅಂತ. ಮೊದಲು ಹೇಳಿದ ‘ಡಸ್ಕಿ’ ಆಸ್ಪತ್ರೆ ಭಾಷೆಯಲ್ಲಿ ಈ ನೀಲಿ-ಬೂದು ಬಣ್ಣವೇ, ಆಮ್ಲಜನಕ ಕಮ್ಮಿ ಅನ್ನೋ ಸೂಚನೆ. ಕಂದು ಚರ್ಮದಲ್ಲಿ ಇದು ಕೆನ್ನೆ ಮೇಲೆ ಸುಲಭವಾಗಿ ಕಾಣಲ್ಲ. ತುಟಿ, ನಾಲಿಗೆ, ಒಸಡು, ಅಂಗೈ, ಅಂಗಾಲು, ಉಗುರಿನ ಬುಡ ನೋಡಿ ಹೇಳಿ. ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದ್ರೆ ಒಳಗೆ ಬಿಳಿಚಿರೋದು ಗೊತ್ತಾಗುತ್ತೆ. ಕಾಮಾಲೆ ಅನುಮಾನ ಇದ್ರೆ ಕಣ್ಣಿನ ಬಿಳಿಭಾಗ. ಉರಿಯೂತ ನಮ್ಮ ಚರ್ಮದಲ್ಲಿ ಕೆಂಪಾಗಿ ಕಾಣದೆ ನೇರಳೆ, ಬೂದು ಅಥವಾ ಗಾಢ ಕಂದಾಗಿ ಕಾಣಬಹುದು. ‘ಈಸ್ ಇಟ್ ರೆಡ್?’ ಅಂದ್ರೆ ಬರೀ ‘ನೋ’ ಅನ್ನಬೇಡಿ. ‘ಡಾರ್ಕರ್ ದ್ಯಾನ್ ದ ಸ್ಕಿನ್ ಅರೌಂಡ್ ಇಟ್, ವಾರ್ಮ್, ಸ್ವಾಲನ್’ ಅನ್ನಿ.

ಬೆರಳಿಗೆ ಹಾಕೋ ಆಕ್ಸಿಮೀಟರ್ ನೆಚ್ಚಿ ಕೂರೋದೂ ಸರಿಯಲ್ಲ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು 92ರಿಂದ 96 ತೋರಿಸ್ತಿದ್ದಾಗಲೇ ರಕ್ತದಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಕಪ್ಪು ಜನಾಂಗದ ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಹಾಗಾಗಿ ಅಂಕಿ ಹೇಳಿದ ಮೇಲೆ ಕಂಡದ್ದನ್ನೂ ಹೇಳಿ: ಒಂದು ವಾಕ್ಯ ಪೂರ್ತಿ ಮಾಡೋಕೂ ಉಸಿರು ಸಾಲ್ತಿಲ್ಲ ಅಂದ್ರೆ ‘ಶಿ ಕಾಂಟ್ ಫಿನಿಶ್ ಎ ಸೆಂಟೆನ್ಸ್’, ತುಟಿ ಬೂದಾಗಿದ್ರೆ ‘ಹರ್ ಲಿಪ್ಸ್ ಲುಕ್ ಗ್ರೇ’.